ರಾಜ್ಯದ ಮಾಜಿ ಸೈನಿಕರ ಸೆಮೆಟ್ರಿ: ಜಾಗ ಯಾರದು, ದುಡ್ಡು ಯಾರದು, ಹುಲ್ಲು ಕತ್ತರಿಸೋರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಸೈನಿಕನೂ ಅಲ್ಲ, ಸರ್ಕಾರಿ ಅಧಿಕಾರಿಯೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ವಿಯೆಟ್ನಾಂಗೆ ಹೋಗಿ ಬಂದವರು. ಮಾಜಿ ಸೈನಿಕರಿಗೆ ರಾಜ್ಯದ ಸೆಮೆಟ್ರಿ ಆಗಲಿ ಅಂತ ಓಡಾಡುವ ಸಮಿತಿಯಲ್ಲಿದ್ದರು. ಅವರಿಗೆ ಕಾರು ಓಡಿಸೋಕೆ ಕಷ್ಟವಾದಾಗ ಅದರ ಮೀಟಿಂಗಿಗೆ ಕರೆದುಕೊಂಡು ಹೋಗಿ ಬಿಡುತ್ತಿದ್ದೆ. ಹೊರಗೆ ಕಾರಿನಲ್ಲಿ ಸುಮ್ನೆ ಕೂರುವ ಬದಲು ಒಳಗೆ ಹೋಗಿ ಕೂತೆ. ಲೆಕ್ಕಪತ್ರ ಗೊತ್ತು ಅಂತ ಬಾಯಿ ತಪ್ಪಿ ಹೇಳಿದೆ. ಅಷ್ಟೇ, ಸಿಕ್ಕಿಹಾಕಿಕೊಂಡೆ. ಈಗ ಕನ್ನಡದ ಗೆಳೆಯರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆಗಳು ಬರುತ್ತವೆ, ಹಾಗಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ. ಸ್ಮಶಾನ ಅಂದರೆ ನಮ್ಮ ಕಣ್ಣಮುಂದೆ ಬೇರೆಯೇ ಚಿತ್ರ ಬರುತ್ತದೆ, ಅದಕ್ಕೆ ಇಲ್ಲಿಯ ಜನ ಹೇಳುವಂತೆ ಸೆಮೆಟ್ರಿ ಅಂತಲೇ ಬರೆಯುತ್ತೇನೆ.

ಆರ್ಲಿಂಗ್ಟನ್ ಇದೆಯಲ್ಲ, ರಾಜ್ಯಕ್ಕೆ ಬೇರೆ ಯಾಕೆ?

ಆರ್ಲಿಂಗ್ಟನ್ ಅನ್ನುವ ಹೆಸರಾಂತ ಸೈನಿಕರ ಸೆಮೆಟ್ರಿ ಇರುವುದು ರಾಜಧಾನಿ ವಾಷಿಂಗ್ಟನ್ ಪಕ್ಕದಲ್ಲಿ, ನೋಡಿಕೊಳ್ಳುವುದು ಸೈನ್ಯ. ಅಲ್ಲಿ ಜಾಗ ಸಿಗೋದು ಕಷ್ಟ, ನಿಯಮಗಳೂ ಬಿಗಿ. ಅದು ಬಿಟ್ಟರೆ ಮಾಜಿ ಸೈನಿಕರ ಇಲಾಖೆ, ಎಲ್ಲರೂ ವಿಎ ಅನ್ನುತ್ತಾರೆ, ಅದು ನಡೆಸುವ ರಾಷ್ಟ್ರೀಯ ಸೆಮೆಟ್ರಿಗಳು 150ಕ್ಕೂ ಜಾಸ್ತಿ ಇವೆ. ಇವುಗಳ ಮೂಲ 1862ರ ಕಾನೂನು, ಲಿಂಕನ್ ಕಾಲದ್ದು. 1973ರಲ್ಲಿ ಬಹುಪಾಲು ಸೆಮೆಟ್ರಿಗಳು ಸೈನ್ಯದ ಕೈಯಿಂದ ಈ ಇಲಾಖೆಗೆ ಬಂದವು.

ಆದರೆ ದೇಶ ದೊಡ್ಡದು. ಒಬ್ಬ ಮಾಜಿ ಸೈನಿಕನ ಮನೆಯಿಂದ 75 ಮೈಲಿ ಒಳಗೆ ಸೈನಿಕರ ಸೆಮೆಟ್ರಿ ಇರಬೇಕು ಅನ್ನೋದು ವಿಎ ಇಟ್ಟುಕೊಂಡಿರುವ ಅಳತೆ. ಒಂದು ಕಡೆ ಈ ಸೌಲಭ್ಯ ಇಲ್ಲದ ಮಾಜಿ ಸೈನಿಕರು 80,000 ಜನ ಇದ್ದರೆ ಹೊಸ ರಾಷ್ಟ್ರೀಯ ಸೆಮೆಟ್ರಿ ಕಟ್ಟೋ ಯೋಚನೆ ಮಾಡುತ್ತಾರೆ. ಮೊದಲು ಈ ಸಂಖ್ಯೆ 1,70,000 ಇತ್ತು! ಹಾಗಾದರೆ ಬರೀ 20,000 ಜನ ಇರುವ ಬೆಟ್ಟಗಾಡಿನ ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಗತಿ? ಅಲ್ಲಿಗೆ ರಾಜ್ಯದ ಸೆಮೆಟ್ರಿ ಬರುತ್ತದೆ. ವಿಎ ಅನುದಾನದಿಂದ ಕಟ್ಟಿದ ಇಂಥವು ಈಗ ದೇಶದಲ್ಲಿ 120ಕ್ಕೂ ಹೆಚ್ಚು ಇವೆ.

75 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ 120 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿಂದ ಶ್ರೀರಂಗಪಟ್ಟಣ. ವರ್ಷಕ್ಕೊಮ್ಮೆ ಹೂವಿಟ್ಟು ಬರೋಕೆ 80 ವರ್ಷದ ಹೆಂಡತಿ ಅಷ್ಟು ದೂರ ಹೋಗಬೇಕು ಅಂತ ಯೋಚಿಸಿ, ಆಗ ಈ ಅಳತೆಯೂ ದೊಡ್ಡದೇ ಅನ್ನಿಸುತ್ತದೆ.

ಕಟ್ಟೋಕೆ ದುಡ್ಡು ಯಾರು ಕೊಡ್ತಾರೆ?

ವಿಎ ಕೊಡುತ್ತದೆ. ಇದಕ್ಕೆಂದೇ 1978ರಲ್ಲಿ ಒಂದು ಅನುದಾನ ಯೋಜನೆ ಕಾನೂನಾಗಿ ಬಂತು. ಆಗ ಕೇಂದ್ರ ಅರ್ಧ, ರಾಜ್ಯ ಅರ್ಧ ಅಂತ ಇತ್ತು. ಎಷ್ಟೋ ರಾಜ್ಯಗಳು ಅರ್ಧ ಹಾಕೋಕೆ ಆಗದೆ ಸುಮ್ಮನಾದವು. 1998ರಲ್ಲಿ ಕಾನೂನು ಬದಲಾಯಿತು. ಅಂದಿನಿಂದ ಕಟ್ಟುವ ಖರ್ಚಿನಲ್ಲಿ ಒಪ್ಪಿತವಾದದ್ದಕ್ಕೆ 100ಕ್ಕೆ 100ರಷ್ಟು ಕೊಡಬಹುದು. ಹೊಸ ಸೆಮೆಟ್ರಿಯಾದರೆ ಮೊದಲ ಸಲದ ಯಂತ್ರಗಳೂ ಇದರಲ್ಲೇ ಬರುತ್ತವೆ. ಗುಂಡಿ ತೋಡುವ ಯಂತ್ರ (ನಾವು ಜೆಸಿಬಿ ಅಂತೀವಲ್ಲ, ಅದೇ), ಹುಲ್ಲು ಕತ್ತರಿಸೋ ಮೆಷಿನ್, ಟ್ರಕ್ಕು ಇತ್ಯಾದಿ.

ಹಾಗಾದ್ರೆ ರಾಜ್ಯಕ್ಕೆ ಪೂರ್ತಿ ಫ್ರೀನಾ?

ಇಲ್ಲ. ಇಲ್ಲೇ ಎಲ್ಲರೂ ಎಡವುವುದು.

ಒಂದನೆಯದು ಜಾಗ. ಜಾಗ ಕೊಳ್ಳೋಕೆ ಅನುದಾನದಿಂದ ಒಂದು ಡಾಲರ್ ಕೂಡ ಬರಲ್ಲ. ರಾಜ್ಯ ಕೊಳ್ಳಬೇಕು, ಇಲ್ಲ ಯಾರಾದರೂ ದಾನ ಕೊಡಬೇಕು, ಇಲ್ಲ ಹಳೇ ಸೇನಾ ನೆಲೆಯ ಭೂಮಿ ಸಿಗಬೇಕು. ಎರಡನೆಯದು ನಕ್ಷೆ, ಮಣ್ಣು ಪರೀಕ್ಷೆ, ಎಂಜಿನಿಯರ್ ಫೀಸು. ಇದು ಒಟ್ಟು ಖರ್ಚಿನ ಸುಮಾರು 10ನೇ ಒಂದು ಭಾಗ ಅಂತ ಲೆಕ್ಕ. ಅನುದಾನ ಮಂಜೂರಾದ ಮೇಲೆ ಈ ದುಡ್ಡು ವಾಪಸ್ ಬರುತ್ತದೆ, ಆದರೆ ಮೊದಲು ರಾಜ್ಯ ತನ್ನ ಜೇಬಿಂದ ಹಾಕಿರಬೇಕು. ಒಂದು ಕೋಟಿ ಡಾಲರ್ ಕೆಲಸ ಅಂದರೆ 10 ಲಕ್ಷ ಡಾಲರ್ ಮುಂಗಡ. ಬರುತ್ತೋ ಇಲ್ವೋ ಗೊತ್ತಿಲ್ಲದ ಅನುದಾನಕ್ಕೆ 10 ಲಕ್ಷ ಎತ್ತಿಡೋಕೆ ಯಾವ ಹಣಕಾಸು ಸಮಿತಿಗೂ ಮನಸ್ಸು ಬರಲ್ಲ. ಎಷ್ಟೋ ಯೋಜನೆಗಳು ನಿಂತಿರುವುದು ಕೋಟಿಗಳಿಗಲ್ಲ, ಈ 10 ಲಕ್ಷಕ್ಕೆ.

ಮೂರನೆಯದು, ಕಟ್ಟಿದ ಮೇಲೆ ನಡೆಸುವುದು. ಅದಕ್ಕೆ ಕೆಳಗೆ ದೊಡ್ಡ ಉತ್ತರವೇ ಇದೆ.

ಜಾಗ ಹುಡುಕೋದು ಅಷ್ಟು ಕಷ್ಟವಾ? ಸೈನಿಕರಿಗೆ ಅಂದ್ರೆ ಯಾರು ಬೇಡ ಅಂತಾರೆ?

ಯಾರೂ ಬೇಡ ಅನ್ನಲ್ಲ. "ಇಲ್ಲಿ ಬೇಡ" ಅನ್ನುತ್ತಾರೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಕಥೆ ಕೇಳಿ. ಅರ್ವೈನ್ ಊರಲ್ಲಿ ಎಲ್ ಟೋರೊ ಅನ್ನುವ ಮರೀನ್ ವಾಯುನೆಲೆ ಇತ್ತು, 1999ರಲ್ಲಿ ಮುಚ್ಚಿತು. ಆ ಜಾಗದಲ್ಲೇ ಸೆಮೆಟ್ರಿ ಆಗಲಿ ಅಂತ 2014ರಲ್ಲಿ ರಾಜ್ಯದಲ್ಲಿ ಕಾನೂನೂ ಆಯಿತು. ಸುಮಾರು 125 ಎಕರೆ ಗುರುತು ಮಾಡಿದರು. ಆದರೆ ಅಲ್ಲಿ ಹಳೇ ಕಟ್ಟಡಗಳು, ರನ್‌ವೇ ಕಾಂಕ್ರೀಟು. ಅದನ್ನೆಲ್ಲ ಒಡೆದು ಸಾಗಿಸೋ ಖರ್ಚು ನೋಡಿ, ಬೇರೆ ಜಾಗಕ್ಕೆ ಅದಲು ಬದಲು ಮಾಡೋಣ ಅಂತ ನಗರಸಭೆ ಹೊರಟಿತು. ಊರು ಎರಡು ಪಾಲಾಯಿತು. ಮಾಜಿ ಸೈನಿಕರೇ ಎರಡು ಪಾಲಾದರು! 2018ರ ಜೂನ್‌ನಲ್ಲಿ ಜನರ ಮತಕ್ಕೆ ಹಾಕಿದರು, ಅದಲು ಬದಲು ಬಿದ್ದುಹೋಯಿತು. ಮತ್ತೆ ಜಗಳ, ಮತ್ತೆ ಮೀಟಿಂಗು. 2021ರ ಹೊತ್ತಿಗೆ ಬೇಸತ್ತ ಸೈನಿಕರ ಗುಂಪುಗಳು ಅರ್ವೈನ್ ಸಹವಾಸವೇ ಬೇಡ ಅಂತ ಪಕ್ಕದ ಆನಾಹೈಮ್ ಊರಿನ ಜಿಪ್ಸಂ ಕಣಿವೆಯ ಕಡೆ ತಿರುಗಿದವು. 2014ರಲ್ಲಿ 88 ವರ್ಷ ಆಗಿದ್ದ ಎರಡನೇ ಮಹಾಯುದ್ಧದ ಸೈನಿಕನಿಗೆ ಇದರಿಂದ ಏನು ಸಿಕ್ಕಿತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಜಾಗ ನೋಡುವಾಗ ಬರೀ ಚೆಂದ ನೋಡಬೇಡಿ. ಮಣ್ಣಿನ ಕೆಳಗೆ ಬಂಡೆ ಇದೆಯಾ? ಅಂತರ್ಜಲ ಎಷ್ಟು ಮೇಲಿದೆ? ಇಳಿಜಾರು ಎಷ್ಟು? ಹುಲ್ಲಿಗೆ ನೀರು ಎಲ್ಲಿಂದ? ಪರಿಸರ ಕಾನೂನಿನ ಪರಿಶೀಲನೆ, ಹಳೇ ಸ್ಮಾರಕ ಅಥವಾ ಮೂಲನಿವಾಸಿಗಳ ಕುರುಹು ಇದೆಯಾ ಅನ್ನೋ ಪರಿಶೀಲನೆ, ಎರಡೂ ಕಡ್ಡಾಯ. ಇವು ಮುಗಿಯದೆ ಅನುದಾನ ಇಲ್ಲ.

ಎಷ್ಟು ಎಕರೆ ಬೇಕು?

ಲೆಕ್ಕ ಹಾಕೋಣ. ಪೆಟ್ಟಿಗೆ ಇಟ್ಟು ಹೂಳುವ ಮಾಮೂಲಿ ಸಮಾಧಿಗೆ 5 ಅಡಿ ಅಗಲ, 10 ಅಡಿ ಉದ್ದ. ಅಂದರೆ 50 ಚದರ ಅಡಿ. ಒಂದು ಎಕರೆಗೆ 43,560 ಚದರ ಅಡಿ. ರಸ್ತೆ, ಮರ ಯಾವುದೂ ಇಲ್ಲ ಅಂದುಕೊಂಡರೂ 871 ಸಮಾಧಿ, ಮುಗೀತು. ಈಗ ಹೊಸ ಸೆಮೆಟ್ರಿಗಳಲ್ಲಿ ಇನ್ನೊಂದು ವಿಧಾನ ಇದೆ. ಕಾಂಕ್ರೀಟ್ ತೊಟ್ಟಿಗಳನ್ನು ಮೊದಲೇ ಸಾಲಾಗಿ ನೆಲದೊಳಗೆ ಇಳಿಸಿ, ಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸಿಬಿಡುತ್ತಾರೆ. ಒಂದೊಂದಕ್ಕೆ 3 ಅಡಿ, 8 ಅಡಿ ಸಾಕು. ಎಕರೆಗೆ ಲೆಕ್ಕದಲ್ಲಿ 1,815 ಬರುತ್ತದೆ, ದುಪ್ಪಟ್ಟಿಗಿಂತ ಜಾಸ್ತಿ. ಒಂದೇ ತೊಟ್ಟಿಯಲ್ಲಿ ಕೆಳಗೆ ಒಬ್ಬರು, ಮೇಲೆ ಒಬ್ಬರು, ಗಂಡ ಹೆಂಡತಿ ಇಬ್ಬರಿಗೂ ಆಗುತ್ತದೆ. ಯಾರಾದರೂ ತೀರಿಕೊಂಡ ದಿನ ಮೇಲಿನ ಮಣ್ಣು ಸರಿಸಿ ಮುಚ್ಚಳ ಎತ್ತಿದರೆ ಆಯಿತು, ಆಳಕ್ಕೆ ಅಗೆಯೋ ಕೆಲಸವೇ ಇಲ್ಲ.

ಸುಟ್ಟ ಬೂದಿಗಾದರೆ ಜಾಗ ಇನ್ನೂ ಕಡಿಮೆ. ಅಸ್ಥಿ ಕುಡಿಕೆ ಇಡುವ ಗೂಡುಗಳ ಗೋಡೆ ಕಟ್ಟುತ್ತಾರೆ, ಕೊಲಂಬೇರಿಯಂ ಅಂತ ಹೆಸರು. ನೋಡೋಕೆ ಅಂಚೆ ಕಚೇರಿಯ ಪೆಟ್ಟಿಗೆಗಳ ಗೋಡೆ ಥರ ಇರುತ್ತದೆ (ಇದನ್ನು ಮೀಟಿಂಗಿನಲ್ಲಿ ಹೇಳಿ ಬೈಸಿಕೊಂಡಿದ್ದೇನೆ). ಎಲ್ಲವನ್ನೂ ಒಂದೇ ಸಲ ಕಟ್ಟುವುದಿಲ್ಲ. ಜಾಗ ದೊಡ್ಡದು ಇಟ್ಟುಕೊಂಡು, ಹಂತ ಹಂತವಾಗಿ ಬೆಳೆಸುತ್ತಾರೆ. ಪ್ರತಿ ಹಂತಕ್ಕೂ ಬೇರೆ ಅರ್ಜಿ.

ಅರ್ಜಿ ಹಾಕೋದು ಹೇಗೆ?

ನೀವು ನಾನು ಹಾಕೋಕೆ ಆಗಲ್ಲ. ರಾಜ್ಯದ ಹೆಸರಲ್ಲೇ ಹೋಗಬೇಕು. ಮೂಲನಿವಾಸಿ ಬುಡಕಟ್ಟು ಸರ್ಕಾರಗಳಿಗೆ 2006ರ ಕಾನೂನಿಂದ ಈ ಹಕ್ಕು ಸಿಕ್ಕಿತು. ದಕ್ಷಿಣ ಡಕೋಟಾದ ರೋಸ್‌ಬಡ್ ಸೂ ಬುಡಕಟ್ಟು ಮೊದಲಿಗೇ ಇದರಲ್ಲಿ ತಮ್ಮದೊಂದು ಸೆಮೆಟ್ರಿ ಕಟ್ಟಿಕೊಂಡಿತು. ಈಚೆಗೆ ಕೌಂಟಿಗಳಿಗೂ ಬಾಗಿಲು ತೆರೆದಿದ್ದಾರೆ.

ಮೊದಲು ರಾಜ್ಯದ ಶಾಸನಸಭೆಯಲ್ಲಿ ಸೆಮೆಟ್ರಿ ಕಟ್ಟೋಕೆ, ನಡೆಸೋಕೆ ಅಧಿಕಾರ ಕೊಡುವ ಕಾನೂನು ಆಗಬೇಕು. ಆಮೇಲೆ ಪೂರ್ವ ಅರ್ಜಿ. ಅದಕ್ಕೆ ಜುಲೈ 1 ಕೊನೇ ದಿನ. ಕಾನೂನು ಆಗಿದೆ, ನಕ್ಷೆಗೆ ಬೇಕಾದ ದುಡ್ಡು ಕೈಯಲ್ಲಿದೆ ಅಂತ ಆಗಸ್ಟ್ 15ರ ಒಳಗೆ ತೋರಿಸಬೇಕು. ಅಕ್ಟೋಬರ್ 1ಕ್ಕೆ ಕೇಂದ್ರದ ಹೊಸ ಹಣಕಾಸು ವರ್ಷ, ಆ ವರ್ಷಕ್ಕೆ ಒಂದು ಆದ್ಯತೆ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಮೇಲಿದ್ದರೆ ನಕ್ಷೆ ಪೂರ್ತಿ ಮಾಡಿ, ಟೆಂಡರ್ ಕರೆದು, ಬಂದ ಬಿಡ್ಡಿನ ಮೊತ್ತದ ಮೇಲೆ ಅನುದಾನ ಗಟ್ಟಿಯಾಗುತ್ತದೆ. ಅಂದಾಜಿನ ಮೇಲಲ್ಲ, ಬಿಡ್ಡಿನ ಮೇಲೆ. ಇದು ನೆನಪಿರಲಿ. ಸಿಮೆಂಟು, ಕಬ್ಬಿಣದ ಬೆಲೆ ಏರಿದ ವರ್ಷ ಅಂದಾಜು ಹಿಡಿದುಕೊಂಡು ಕೂತವರು ಪೆಚ್ಚಾಗುತ್ತಾರೆ.

ಅರ್ಜಿ ಹಾಕಿದವರಿಗೆಲ್ಲ ಸಿಗುತ್ತಾ?

ಇಲ್ಲ. ಇಡೀ ದೇಶಕ್ಕೆ ಸೇರಿ ವರ್ಷಕ್ಕೆ ಇರೋದು ಐದಾರು ಕೋಟಿ ಡಾಲರ್ ಆಸುಪಾಸು. ಸಾಲು ಹೀಗಿದೆ: ಈಗಾಗಲೇ ನಡೆಯುತ್ತಿರುವ ಸೆಮೆಟ್ರಿಯಲ್ಲಿ ನಾಲ್ಕು ವರ್ಷದೊಳಗೆ ಜಾಗ ಖಾಲಿಯಾಗಿ ಹೂಳುವುದೇ ನಿಲ್ಲುವಂತಿದ್ದರೆ, ಅವರಿಗೆ ಮೊದಲು. ಹೊಸ ಸೆಮೆಟ್ರಿ ಎರಡನೆಯದು. ಅಷ್ಟು ಅವಸರ ಇಲ್ಲದ ವಿಸ್ತರಣೆ ಮೂರನೆಯದು. ದುರಸ್ತಿ, ಅಂದ ಚೆಂದ ಕೊನೆಗೆ. ಹೊಸಬರ ಒಳಗೂ ಸೌಲಭ್ಯ ಇಲ್ಲದ ಮಾಜಿ ಸೈನಿಕರು ಎಲ್ಲಿ ಜಾಸ್ತಿಯೋ ಅವರು ಮುಂದೆ. ನನಗೆ ಈ ಕ್ರಮ ನ್ಯಾಯವಾಗಿಯೇ ಕಾಣುತ್ತದೆ. ಬಾಗಿಲಿಗೆ ಹೆಣ ಬಂದಾಗ ಜಾಗ ಇಲ್ಲ ಅನ್ನುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಸರಿ, ಕಟ್ಟಿದ್ದಾಯ್ತು. ನಡೆಸೋಕೆ ದುಡ್ಡು ಎಲ್ಲಿಂದ?

ಈ ಪುಟ ಬರೆಯೋಕೆ ಕೂತಿದ್ದೇ ಈ ಪ್ರಶ್ನೆಗೋಸ್ಕರ. ನಮ್ಮ ಅಜ್ಜ ಒಂದು ಸಭೆಯಲ್ಲಿ ಇದನ್ನೇ ಕೇಳಿದ್ದರು. ಪರದೆಯ ಮೇಲೆ ಬಣ್ಣ ಬಣ್ಣದ ನಕ್ಷೆ, ಕಾರಂಜಿ, ಬಾವುಟದ ಕಂಬಗಳು. ಎಲ್ಲರೂ ಚಪ್ಪಾಳೆ ಹೊಡೆದರು. ಅಜ್ಜ ಊರುಗೋಲು ಎತ್ತಿ ಕೇಳಿದರು, "ಎಲ್ಲ ಸರಿ, 40 ವರ್ಷ ಆದಮೇಲೆ ನನ್ನ ಮೇಲಿನ ಹುಲ್ಲು ಕತ್ತರಿಸೋರು ಯಾರು?" ಯಾರೂ ಉತ್ತರ ಕೊಡಲಿಲ್ಲ. ಪರದೆ ನಡೆಸುತ್ತಿದ್ದವನು ಮುಂದಿನ ಚಿತ್ರಕ್ಕೆ ಹೋದ.

ನಡೆಸುವ ಖರ್ಚು ರಾಜ್ಯದ್ದು. ವಿಎ ಕಡೆಯಿಂದ ಬರೋದು ಮುಖ್ಯವಾಗಿ ಒಂದು, ಪ್ಲಾಟ್ ಅಲವೆನ್ಸ್. ಒಬ್ಬ ಅರ್ಹ ಮಾಜಿ ಸೈನಿಕನಿಗೆ ಬಿಟ್ಟಿಯಾಗಿ ಜಾಗ ಕೊಟ್ಟರೆ ರಾಜ್ಯಕ್ಕೆ ಇಷ್ಟು ಅಂತ ಕೊಡುತ್ತಾರೆ. ಹಿಂದೆ 300 ಡಾಲರ್ ಇತ್ತು. ಈಗ ವರ್ಷ ವರ್ಷ ಬೆಲೆಯೇರಿಕೆ ಸೇರಿಸುತ್ತಾ ಸುಮಾರು 1,000 ಡಾಲರ್ ಆಗಿದೆ. ಹೆಂಡತಿ ಅಥವಾ ಗಂಡನಿಗೆ ಬಹಳ ರಾಜ್ಯಗಳು ಒಂದಿಷ್ಟು ಶುಲ್ಕ ತೆಗೆದುಕೊಳ್ಳುತ್ತವೆ. ಅದೇ ಎರಡನೇ ಆದಾಯ.

ಈಗ ಒಂದು ಸುಮ್ನೆ ಲೆಕ್ಕ, ಯಾವ ಊರಿನದೂ ಅಲ್ಲ. ವರ್ಷಕ್ಕೆ 600 ಮಾಜಿ ಸೈನಿಕರನ್ನು ಹೂಳಿದರೆ 6 ಲಕ್ಷ ಡಾಲರ್ ಬಂತು. ಮ್ಯಾನೇಜರು, ಕಚೇರಿಗೆ ಇಬ್ಬರು, ಹೊರಗಿನ ಕೆಲಸಕ್ಕೆ ಐದಾರು ಜನ, ನೀರು, ಡೀಸೆಲ್, ಮೆಷಿನ್ ರಿಪೇರಿ. ಮೊದಲ ವರ್ಷಗಳಲ್ಲಿ ಹೇಗೋ ಮುಕ್ಕಾಲು ಭಾಗ ಸರಿದೂಗುತ್ತದೆ ಅನ್ನಿ. ಎರಡನೇ ಮಹಾಯುದ್ಧಕ್ಕೆ ಅಮೆರಿಕದಿಂದ ಹೋದವರು 1.6 ಕೋಟಿ. ಅವರ ಕಾಲ ಮುಗಿಯಿತು. ಕೊರಿಯಾದವರು ಹೋಗುತ್ತಿದ್ದಾರೆ, ಈಗ ವಿಯೆಟ್ನಾಂನವರ ಸರದಿ. ಅವರಾದ ಮೇಲೆ ಸಂಖ್ಯೆ ಇಳಿಯುತ್ತದೆ, ಯಾಕೆಂದರೆ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿತು. ವರ್ಷಕ್ಕೆ 200ಕ್ಕೆ ಇಳಿದಾಗ ಬರೋದು 2 ಲಕ್ಷ. ಆದರೆ ಆ ಹೊತ್ತಿಗೆ ನೆಲದ ಮೇಲೆ 10,000 ಕಲ್ಲು ನಿಂತಿರುತ್ತವೆ. ಅಲವೆನ್ಸ್ ಬರೋದು ಹೂಳಿದ ದಿನ ಒಂದೇ ಸಲ. ಹುಲ್ಲು ಬೆಳೆಯೋದು ಪ್ರತಿ ವಾರ.

ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನಮ್ಮೂರ ಕಡೆ ವೀರಗಲ್ಲು ನೆಟ್ಟ ಮೇಲೆ ಕಲ್ನಾಡು ಅಂತಲೋ ನೆತ್ತರುಗೊಡಗೆ ಅಂತಲೋ ಭೂಮಿ ಬಿಡುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರು ಶಾಸನ ಕೇಳಿರುತ್ತೀರಿ, ಕ್ರಿ.ಶ. 949-50ರದು. ಮಣಲೇರ ಅನ್ನುವ ಯೋಧನ ಬೇಟೆನಾಯಿ ಕಾಳಿ ಹಂದಿಯ ಜೊತೆ ಕಾದಾಡಿ ಸತ್ತಿತು, ಅದಕ್ಕೊಂದು ಕಲ್ಲು. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಪೂಜೆಗೆ ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಅಲ್ಲಿನ ಪೂಜಾರಿ, ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತ ಬರೆಸಿಟ್ಟರು. ಆದಾಯದ ಮೂಲ, ಹೊಣೆಗಾರ, ತಪ್ಪಿದರೆ ದಂಡ, ಮೂರೂ ಒಂದೇ ಕಲ್ಲಿನ ಮೇಲೆ! ಇದನ್ನು ನಮ್ಮ ಸಮಿತಿಯಲ್ಲಿ ಹೇಳಿದಾಗ ಅಜ್ಜ ಬಿದ್ದು ಬಿದ್ದು ನಕ್ಕರು. ಈಗಲೂ ಖಜಾಂಚಿಯನ್ನು ಗೊರವ ಅಂತಲೇ ಕರೆಯುತ್ತಾರೆ, ಉಚ್ಚಾರಣೆ ಮಾತ್ರ ಕೇಳಬೇಡಿ.

ದತ್ತಿನಿಧಿ ಇಟ್ಟರೆ ಆಗಲ್ವಾ?

ಆಗುತ್ತದೆ, ಆದರೆ ಅದೇ ಕತ್ತು ಹಿಸುಕಲೂಬಹುದು. ಕ್ಯಾಲಿಫೋರ್ನಿಯಾ ಕರಾವಳಿಯ ಸೀಸೈಡ್ ಊರಿನದು ಒಳ್ಳೇ ಉದಾಹರಣೆ. ಅಲ್ಲಿನ ಫೋರ್ಟ್ ಆರ್ಡ್ ಸೇನಾ ನೆಲೆ 1994ರಲ್ಲಿ ಮುಚ್ಚಿತು. ಸೆಮೆಟ್ರಿಗೆ ಅಂತ ಸುಮಾರು 78 ಎಕರೆ ಗುರುತಾಯಿತು. ಹತ್ತಿರದಲ್ಲಿ ಬೇರೆ ಆಸರೆ ಇರಲಿಲ್ಲ, ಸ್ಯಾನ್ ಬ್ರೂನೊದ ಹಳೇ ರಾಷ್ಟ್ರೀಯ ಸೆಮೆಟ್ರಿ ತುಂಬಿಹೋಗಿತ್ತು, ಇನ್ನೊಂದು ಇರುವ ಸಾಂಟಾ ನೆಲ್ಲಾಗೆ ಬೆಟ್ಟ ದಾಟಿ ಹೋಗಬೇಕು. ಆದರೆ ನಡೆಸುವ ಖರ್ಚು ರಾಜ್ಯದ ಖಜಾನೆ ಮೇಲೆ ಬೀಳಬಾರದು ಅನ್ನೋ ಭಯ. ಹಾಗಾಗಿ 2006ರಲ್ಲಿ ಆದ ಕಾನೂನಲ್ಲಿ ದತ್ತಿನಿಧಿಯ ಏರ್ಪಾಡು ಬಂತು.

ದತ್ತಿನಿಧಿಯ ಗಣಿತ ನಿಷ್ಕರುಣಿ. ವರ್ಷಕ್ಕೆ 4 ಪರ್ಸೆಂಟ್ ಬಡ್ಡಿ ಅಂದುಕೊಂಡರೆ, 2 ಲಕ್ಷ ಡಾಲರ್ ಕೊರತೆ ತುಂಬೋಕೆ 50 ಲಕ್ಷ ಡಾಲರ್ ಕೂಡಿಡಬೇಕು. ನಿವೃತ್ತ ಸೈನಿಕರು ಪ್ಯಾನ್‌ಕೇಕ್ ತಿಂಡಿ ಮಾರಿ, ಓಟದ ಸ್ಪರ್ಧೆ ಮಾಡಿ 50 ಲಕ್ಷ ಎತ್ತೋದು ಯಾವಾಗ? ಅಲ್ಲಿಯ ಜನ ಪಕ್ಕದ ಒಂದು ತುಂಡು ಭೂಮಿಯನ್ನು ಮನೆ ಕಟ್ಟೋರಿಗೆ ಮಾರಿ ಆ ದುಡ್ಡನ್ನು ನಿಧಿಗೆ ಹಾಕೋಣ ಅಂತ ಯೋಜನೆ ಮಾಡಿದರು, ವರ್ಷಗಟ್ಟಲೆ ಎಳೆಯಿತು. ಕೊನೆಗೆ ರಾಜ್ಯದವರೂ ಸ್ವಲ್ಪ ಸಡಿಲ ಮಾಡಿದರು, ಊರಿನವರೂ ದುಡ್ಡು ಕೂಡಿಸಿದರು. 2013ರಲ್ಲಿ ವಿಎ ಅನುದಾನ ಸುಮಾರು 68 ಲಕ್ಷ ಡಾಲರ್ ಬಂತು. 2016ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ನೆಲೆ ಮುಚ್ಚಿ 22 ವರ್ಷ! ಅದೂ ಮೊದಲ ಹಂತದಲ್ಲಿ ಅಸ್ಥಿ ಇಡುವ 5,000 ಗೂಡುಗಳು ಮಾತ್ರ. ಪೆಟ್ಟಿಗೆಯಲ್ಲಿ ಹೂಳುವುದನ್ನು ಮುಂದಿನ ಹಂತಕ್ಕೆ ಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ದತ್ತಿನಿಧಿ ಇರಲಿ, ಆದರೆ ಅದು ತುಂಬಿದ ಮೇಲೇ ಕೆಲಸ ಶುರು ಅನ್ನೋ ಷರತ್ತು ಬೇಡ. ರಾಜ್ಯದ ಬಜೆಟ್ಟಿನಲ್ಲಿ ಒಂದು ಸಾಲು ಗಟ್ಟಿಯಾಗಿ ಬರೆಸಿಕೊಳ್ಳಿ, ನಿಧಿ ಮೇಲುಖರ್ಚಿಗೆ ಇರಲಿ.

ಟೆಕ್ಸಸ್‌ನವರು ಹೇಗೆ ಮಾಡಿದರು?

ಜಾಣತನದಿಂದ. ಅಲ್ಲಿ 1946ರಿಂದ ಸೈನಿಕರಿಗೆ ಜಮೀನು ಸಾಲ ಕೊಡುವ ಒಂದು ಮಂಡಳಿ ಇದೆ, ಆಮೇಲೆ ಮನೆ ಸಾಲವೂ ಶುರುವಾಯಿತು. ಸಾಲ ಕೊಟ್ಟು ಬಡ್ಡಿ ಬರುತ್ತದಲ್ಲ, ಆ ನಿಧಿಯನ್ನು ಸೆಮೆಟ್ರಿಗೂ ಬಳಸಬಹುದು ಅಂತ 2001ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು ಜನರಿಂದ ಓಟು ಹಾಕಿಸಿಕೊಂಡರು. ಕಟ್ಟೋಕೆ ವಿಎ ಅನುದಾನ, ನಡೆಸೋಕೆ ಮಂಡಳಿ. 2006ರಲ್ಲಿ ಫೋರ್ಟ್ ಹುಡ್ ಪಕ್ಕದ ಕಿಲೀನ್ ಮತ್ತು ಗಡಿಯ ಮಿಷನ್ ಊರು, 2009ರಲ್ಲಿ ಆಬಿಲೀನ್, 2011ರಲ್ಲಿ ಕಾರ್ಪಸ್ ಕ್ರಿಸ್ಟಿ. ಐದಾರು ವರ್ಷದಲ್ಲಿ ನಾಲ್ಕು! ಸೈನಿಕರು ಕಟ್ಟಿದ ಬಡ್ಡಿ ಸೈನಿಕರ ಸಮಾಧಿಗೇ ಬಂತು, ತೆರಿಗೆದಾರನ ಹತ್ತಿರ ಕೈ ಚಾಚುವ ಪ್ರಸಂಗ ಕಡಿಮೆ. ಎಲ್ಲ ರಾಜ್ಯದಲ್ಲೂ ಇಂಥ ಮಂಡಳಿ ಇಲ್ಲ ನಿಜ. ಆದರೆ ಅವರು ಮೊದಲು ಹುಡುಕಿದ್ದು ನಡೆಸುವ ದುಡ್ಡು, ಆಮೇಲೆ ಕಟ್ಟುವ ದುಡ್ಡು. ಉಳಿದವರೆಲ್ಲ ತಲೆಕೆಳಗು ಮಾಡುತ್ತಾರೆ.

ಕೆಲಸ ಸರಿಯಾಗಿದೆಯಾ ಅಂತ ನೋಡೋರು ಯಾರು?

ಅನುದಾನ ತಗೊಂಡ ಮೇಲೆ ವಿಎ ನಿಗದಿ ಮಾಡಿದ ಮಟ್ಟಕ್ಕೆ ಇಟ್ಟುಕೊಳ್ಳಬೇಕು. ಅವರು ಬಂದು ತಪಾಸಣೆ ಮಾಡುತ್ತಾರೆ. ನಿಂತ ಕಲ್ಲಿನ ಅಳತೆ ದೇಶದಾದ್ಯಂತ ಒಂದೇ: 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪ, ತೂಕ ಸುಮಾರು 230 ಪೌಂಡ್, ಅಂದರೆ ನೂರು ಕಿಲೋ ಮೇಲೆ. ಕಲ್ಲು ವಿಎ ಬಿಟ್ಟಿಯಾಗಿ ಕೊಡುತ್ತದೆ. ನೆಲದ ಮೇಲೆ 24ರಿಂದ 26 ಇಂಚು ಕಾಣಬೇಕು, ಉಳಿದದ್ದು ಒಳಗೆ.

ಕಲ್ಲು ನೆಡೋದನ್ನು ಒಂದು ಬೆಳಗ್ಗೆ ಹತ್ತಿರ ನಿಂತು ನೋಡಿದೆ. ಸಾಲಿನ ಈ ತುದಿಯಿಂದ ಆ ತುದಿಗೆ ದಾರ ಕಟ್ಟುತ್ತಾರೆ, ನಮ್ಮ ಗಾರೆ ಕೆಲಸದವರು ಕಟ್ಟುವ ಹಾಗೇ. ಇಬ್ಬರು ಕಲ್ಲನ್ನು ಗುಂಡಿಗೆ ಇಳಿಸಿ, ಮಟ್ಟಗೋಲು ಇಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಸುತ್ತ ಮಣ್ಣು ತುಂಬಿ ಕುಟ್ಟುತ್ತಾರೆ. ಆಮೇಲೆ ಒಬ್ಬ ಹೆಂಗಸು ಸಾಲಿನ ತುದಿಯಲ್ಲಿ ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೋಡಿದಳು. ಏಳನೆಯದು, ಅಂದಳು. ನನ್ನ ಕಣ್ಣಿಗೆ ಎಲ್ಲ ನೆಟ್ಟಗೇ ಇದ್ದವು. ಅವರು ಏಳನೆಯದನ್ನು ಕಿತ್ತು ಮತ್ತೆ ನೆಟ್ಟರು. ಒಂದು ಮಳೆಗಾಲ ಕಳೆದರೆ ಮಣ್ಣು ಕುಸಿಯುತ್ತದೆ, ಕಲ್ಲು ವಾಲುತ್ತದೆ, ಮತ್ತೆ ದಾರ ಕಟ್ಟಬೇಕು. ನಡೆಸುವ ಖರ್ಚು ಅಂದಾಗ ನನಗೆ ನೆನಪಾಗೋದು ಈ ದಾರವೇ.

ಹುಲ್ಲೇ ಯಾಕೆ? ಕಲ್ಲು ಜಲ್ಲಿ ಹಾಕಿದ್ರೆ ಖರ್ಚು ಉಳಿಯಲ್ವಾ?

ಉಳಿಯುತ್ತದೆ. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಫೋರ್ಟ್ ಬ್ಲಿಸ್ ರಾಷ್ಟ್ರೀಯ ಸೆಮೆಟ್ರಿ ಇದೆ, ಮರುಭೂಮಿ. ಅಲ್ಲಿ ಹುಲ್ಲು ತೆಗೆದು ಜಲ್ಲಿ, ಮರುಭೂಮಿ ಗಿಡ ಹಾಕಿದರು. ನೀರಿನ ಬಿಲ್ಲು ಇಳಿಯಿತು, ಮನೆಯವರ ಸಿಟ್ಟು ಏರಿತು. ನಮ್ಮಪ್ಪನ್ನ ಪಾರ್ಕಿಂಗ್ ಲಾಟ್‌ನಲ್ಲಿ ಮಲಗಿಸಿದ ಹಾಗಿದೆ ಅನ್ನೋ ಧಾಟಿಯ ದೂರುಗಳು. ಒಣ ಪ್ರದೇಶವಾದರೆ ಮೊದಲೇ ಜನರಿಗೆ ಚಿತ್ರ ತೋರಿಸಿ ಒಪ್ಪಿಸಿ, ಹಸಿರು ತೋರಿಸಿ ಆಮೇಲೆ ಕಿತ್ತರೆ ಯಾರೂ ಕ್ಷಮಿಸಲ್ಲ.

ಯಾರಿಗೆ ಇಲ್ಲಿ ಜಾಗ ಸಿಗುತ್ತದೆ?

ಸೇವೆ ಮಾಡಿ, ಅಗೌರವದ ಬಿಡುಗಡೆ ಅಲ್ಲದೆ ಹೊರಬಂದವರಿಗೆ. ಜೊತೆಗೆ ಹೆಂಡತಿ ಅಥವಾ ಗಂಡ, ಚಿಕ್ಕ ಮಕ್ಕಳು. ಯುದ್ಧದಲ್ಲಿ ಸತ್ತಿರಬೇಕು ಅಂತೇನಿಲ್ಲ. ಮೂರು ವರ್ಷ ಅಡುಗೆ ಮಾಡಿ ಬಂದವನಿಗೂ ಜನರಲ್‌ಗೂ ಒಂದೇ ಅಳತೆಯ ಕಲ್ಲು. ಘೋರ ಅಪರಾಧಕ್ಕೆ ಶಿಕ್ಷೆಯಾದವರಿಗೆ ಇಲ್ಲ. ಕೆಲವು ರಾಜ್ಯಗಳು ತಮ್ಮಲ್ಲಿ ಇಷ್ಟು ಕಾಲ ವಾಸ ಇದ್ದಿರಬೇಕು ಅಂತ ಷರತ್ತು ಹಾಕಿವೆ, ವಿಚಾರಿಸಿ. ಬೇಕಾದ ಮುಖ್ಯ ಕಾಗದ ಡಿಡಿ 214, ಸೇವೆಯಿಂದ ಬಿಡುಗಡೆಯಾದ ಪತ್ರ. ಅದನ್ನು ಮನೆಯಲ್ಲಿ ಎಲ್ಲಿಟ್ಟಿದ್ದಾರೆ ಅಂತ ಬದುಕಿದ್ದಾಗಲೇ ಕೇಳಿಕೊಳ್ಳಿ. ಅಜ್ಜನದು ಗ್ಯಾರೇಜಿನಲ್ಲಿ ಮೀನು ಹಿಡಿಯೋ ಗಾಳಗಳ ಡಬ್ಬಿಯಲ್ಲಿತ್ತು.

ನಮ್ಮ ಮಕ್ಕಳೂ ಇಲ್ಲಿನ ಸೈನ್ಯ ಸೇರುತ್ತಿದ್ದಾರೆ. ಹಿಂದೂಗಳಿಗೆ ಇಲ್ಲಿ ಏನು ವ್ಯವಸ್ಥೆ?

ಕಲ್ಲಿನ ಮೇಲೆ ಶಿಲುಬೆಯೇ ಇರಬೇಕು ಅಂತಿಲ್ಲ. ವಿಎ ಒಪ್ಪಿರುವ ಧರ್ಮದ ಗುರುತುಗಳು 70ಕ್ಕೂ ಜಾಸ್ತಿ ಇವೆ. ಹಿಂದೂಗಳಿಗೆ ಓಂ ಇದೆ, ಸಿಖ್ಖರಿಗೆ ಖಂಡಾ ಇದೆ. ಗುರುತೇ ಬೇಡ ಅಂದರೆ ಖಾಲಿ ಬಿಡಬಹುದು.

ದಹನ ಮಾಡುವವರಿಗೆ ಗೂಡಿನ ಗೋಡೆಯಲ್ಲಿ ಅಥವಾ ನೆಲದಲ್ಲಿ ಅಸ್ಥಿ ಇಡುವ ಜಾಗ ಇದೆ. ಪಶ್ಚಿಮವಾಹಿನಿಯಲ್ಲಿ ಬಿಡಬೇಕು ಅನ್ನೋರು ಏನು ಮಾಡಬೇಕು? ಅಸ್ಥಿ ಪೂರ್ತಿ ನೀರಿಗೆ ಬಿಟ್ಟಿದ್ದರೆ ನೆನಪಿನ ಕಲ್ಲು ಕೇಳಬಹುದು, ಅದಕ್ಕೆ ಸೆಮೆಟ್ರಿಯಲ್ಲಿ ಬೇರೆ ಭಾಗ ಇರುತ್ತದೆ. ಅಲ್ಲಿ ಕೆಳಗೆ ಯಾರೂ ಇಲ್ಲ, ಹೆಸರು ಮಾತ್ರ. ಯೋಚಿಸಿ ನೋಡಿದರೆ ವೀರಗಲ್ಲೂ ಹಾಗೇ ಅಲ್ವಾ.

ಬಾವುಟ ಮಡಚಿ ಮನೆಯವರ ಕೈಗೆ ಕೊಡುವುದು, ತುತ್ತೂರಿಯಲ್ಲಿ ಟ್ಯಾಪ್ಸ್ ಅನ್ನುವ ವಿದಾಯದ ರಾಗ ನುಡಿಸುವುದು, ಕನಿಷ್ಠ ಇಬ್ಬರು ಸಮವಸ್ತ್ರದವರು ಬರುವುದು, ಇಷ್ಟು ಎಲ್ಲರಿಗೂ ಕಾನೂನಿನ ಹಕ್ಕು. ಪುರೋಹಿತರನ್ನು ಕರೆದುಕೊಂಡು ಹೋಗಿ ಮಂತ್ರ ಹೇಳಿಸಬಹುದು. ಆದರೆ ವಿಧಿ ನಡೆಯೋದು ಸಮಾಧಿಯ ಪಕ್ಕದಲ್ಲಲ್ಲ, ಒಂದು ಚಪ್ಪರದ ಕೆಳಗೆ, ಅದೂ ಇಪ್ಪತ್ತು ನಿಮಿಷ ಆಸುಪಾಸು. ಪುರೋಹಿತರಿಗೆ ಮೊದಲೇ ಹೇಳಿಬಿಡಿ.

ಮುಂದೆ ರಾಜ್ಯದವರು ಸೆಮೆಟ್ರಿ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದರೆ?

ಆಗಲ್ಲ. ಸೈನಿಕರ ಸೆಮೆಟ್ರಿಯಾಗಿ ನಡೆಸೋದು ಬಿಟ್ಟರೆ ಕೊಟ್ಟ ದುಡ್ಡನ್ನು ಕೇಂದ್ರ ವಾಪಸ್ ವಸೂಲಿ ಮಾಡಬಹುದು ಅಂತ ಕಾನೂನಲ್ಲೇ ಇದೆ. ಗೊರವನ ಷರತ್ತು ಇಲ್ಲೂ ಇದೆ ನೋಡಿ.

ನಮ್ಮ ಕನ್ನಡ ಕೂಟದಿಂದ ಏನಾದ್ರೂ ಮಾಡಬಹುದಾ?

ಖಂಡಿತ. ಬೆಂಚು ದಾನ ಕೊಟ್ಟು ಹಿತ್ತಾಳೆ ಫಲಕ ಹಾಕಿಸೋಕೆ ಎಲ್ಲರೂ ಮುಂದೆ ಬರುತ್ತಾರೆ, ಬೆಂಚುಗಳು ಈಗಲೇ ಜಾಸ್ತಿಯಾಗಿವೆ. ಬದಲಿಗೆ ದತ್ತಿನಿಧಿಗೆ ಹಾಕಿ. ರಾಜ್ಯದ ಬಜೆಟ್ ಸಭೆ ನಡೆಯುವಾಗ ನಾಲ್ಕು ಜನ ಹೋಗಿ ಕೂತು, ಎರಡು ನಿಮಿಷ ಮಾತಾಡಿ ಬನ್ನಿ. ಖಾಲಿ ಕುರ್ಚಿಗಳ ಮುಂದೆ ಬಜೆಟ್ಟಿನಿಂದ ಸೆಮೆಟ್ರಿಯ ಆ ಸಾಲು ಕತ್ತರಿಸೋದು ಬಹಳ ಸುಲಭ. ಡಿಸೆಂಬರ್‌ನಲ್ಲಿ ಹಸಿರು ಹಾರ ಇಡುವ ದಿನಕ್ಕೆ ಜನ ಕಿಕ್ಕಿರಿಯುತ್ತಾರೆ. ಜನವರಿಯಲ್ಲಿ ಆ ಒಣಗಿದ ಹಾರ ಎತ್ತೋಕೆ ಮಾತ್ರ ಕೈ ಬೇಕು. ಕೈಗವಸು, ಕುಡಿಯೋ ನೀರು, ಒಂದು ಟೋಪಿ ತಂದರೆ ಸಾಕು. ಚೀಲ ಅಲ್ಲೇ ಕೊಡುತ್ತಾರೆ.